ಲೆಕ್ಕಕ್ಕೆ ಬಾರದ ನೀರು

ನಮ್ಮ ಮನೆಗೆ ಪರಿಸರ ಕಾಳಜಿ ಬಂದದ್ದು ಮಗಳ ಜೊತೆಗೆ. ದೀಪಾವಳಿ ಕಳೆದು ಅವಳು ಹುಟ್ಟಿದಳು. ನಾನು ಬಾಣಂತನಕ್ಕೆ ಖಾನಾಪುರದ ತವರುಮನೆಯಲ್ಲಿದ್ದೆ. ಮಗು ನೋಡಲು ಬೆಳಗಾವಿಯಿಂದ ಬಂದ ನಮ್ಮವರು ತೊಟ್ಟಿಲ ಕೆಳಗಿದ್ದ ಡೈಪರ್ ಪ್ಯಾಕೆಟ್ಟನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಗುವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

"ನಾವು ಸತ್ತು ಮಣ್ಣಾದರೂ ಇದು ಮಣ್ಣಾಗೂದಿಲ್ಲ. ನಮ್ಮ ಕೂಸಿಗೆ ಇದು ಬ್ಯಾಡ. ಬಟ್ಟಿ ಕಟ್ಟೂಣು."

"ಒಗಿಯೋರು ಯಾರ್ರೀ?" ಎಂದೆ. ಇವರು ಪ್ಯಾಕೆಟ್ಟನ್ನು ಮಂಚದ ಕೆಳಗೆ ತಳ್ಳಿ ಕೈ ಒರೆಸಿಕೊಂಡರು.

ಇವರು ಬೆಳಗಾವಿ ಹೊರವಲಯದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಬ್ಬಿಣದ ಬಿಡಿಭಾಗ ಕಡೆಯುವ ಕೆಲಸ. ಅಲ್ಲಿ ಯಂತ್ರ ತೊಳೆದ ಎಣ್ಣೆನೀರು ಹಿಂದಿನ ಗಟಾರಕ್ಕೆ ಹೋಗಿ, ಗಟಾರದಿಂದ ಯಾರದೋ ಹೊಲದ ಅಂಚಿಗೆ ಹೋಗುತ್ತದೆ. ಅದನ್ನು ದಿನಾ ನೋಡಿ ಬಂದು ರಾತ್ರಿ ಊಟಕ್ಕೆ ಕುಳಿತಾಗ ಇವರು ತಟ್ಟೆಯನ್ನೇ ದಿಟ್ಟಿಸುತ್ತಿದ್ದರು. ಮಾಲೀಕರಿಗೆ ಒಂದು ಮಾತು ಹೇಳಬಹುದಲ್ಲ ಎಂದರೆ, "ಹೇಳಿದ್ರ ನಾಳಿಂದ ಮನ್ಯಾಗ ಕುಂದರತೀನಿ, ನಡೀತೈತೇನು?" ಎನ್ನುತ್ತಿದ್ದರು. ಮಚ್ಛೆಯಲ್ಲಿ ನುಂಗಿದ ಮಾತನ್ನೆಲ್ಲ ಊರೊಳಗಿನ ಸದಾಶಿವನಗರದ ಮನೆಗೆ ಬಂದು ನಮ್ಮ ಮುಂದೆ ಆಡುತ್ತಿದ್ದರು. ಪ್ಲಾಸ್ಟಿಕ್ ಚೀಲ ಬಂದ್ ಆಯಿತು. ಕಸ ಕೊಳೆಯುವ ಮಣ್ಣಿನ ಮಡಕೆ ಹಿತ್ತಲಿಗೆ ಬಂತು. ಫಿಲ್ಟರ್ ಹೊರಹಾಕುವ ನೀರಿನಲ್ಲೇ ನೆಲ ಒರೆಸಬೇಕೆಂಬ ಕಾಯಿದೆಯಾಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರು ನನ್ನ ಕೈಗೆ, ಮೊಸರು ಇವರ ಬಾಯಿಗೆ. ಬಂದ ನೆಂಟರಿಗೆಲ್ಲ ಇವರೇ ಹಿತ್ತಲು ತೋರಿಸಿ ಶಭಾಸ್ ಅನ್ನಿಸಿಕೊಳ್ಳುತ್ತಿದ್ದರು.

ಬಟ್ಟೆಯ ಮಾತು ಕೇಳಿ ಖುಷಿಪಟ್ಟವರು ನಮ್ಮ ಅತ್ತೆ. ಡೈಪರ್ ಅವರಿಗೆ ಮೊದಲಿನಿಂದಲೂ ಆಗದು. "ಕೂಸಿನ ಕುಂಡಿಗೆ ಪ್ಲಾಸ್ಟಿಕ್ ಯಾಕವ್ವಾ ಕಟ್ಟತೀ, ಅದೇನು ಹಾಲಿನ ಪಾಕೀಟೇನು?" ಎನ್ನುತ್ತಿದ್ದರು. ಟ್ರಂಕಿನಿಂದ ತಮ್ಮ ಹಳೆಯ ನೂಲಿನ ಸೀರೆಗಳನ್ನು ತೆಗೆದು, ಹಲ್ಲಿನಿಂದ ಅಂಚು ಕಚ್ಚಿ ಪರ್ ಪರ್ ಎಂದು ಹರಿದು ಲಂಗೋಟಿ ಮಾಡಿದರು. ಸೀರೆ ಮೆತ್ತಗೆ, ಮೊಮ್ಮಗಳು ಇನ್ನೂ ಮೆತ್ತಗೆ. ನಾನು ಸಾಲಿಗೆ ಗಣಿತ ಹೇಳಲು ಮರಳಿ ಹೋದಮೇಲೆ ಮಗುವನ್ನು ನೋಡಿಕೊಂಡವರೂ ಅವರೇ, ಹಗಲಿನ ಲಂಗೋಟಿ ಒಗೆದವರೂ ಅವರೇ. ಬೇಡವೆಂದರೆ ಕೇಳುತ್ತಿರಲಿಲ್ಲ. ಅವರಿಲ್ಲದಿದ್ದರೆ ನನ್ನ ನೌಕರಿ ಆ ವರ್ಷವೇ ಮುಗಿಯುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರ ಮೇಲಿನ ಪ್ರೀತಿಯಲ್ಲಿ ನನಗೆ ಯಾವಾಗಲೂ ಸ್ವಲ್ಪ ಹೆದರಿಕೆಯೂ ಬೆರೆತಿತ್ತು.

ಇಷ್ಟು ಬಟ್ಟೆ ಒಗೆದರೆ ಇಷ್ಟು ನೀರು ಹೋಗುತ್ತದೆ. ಅದು ಇವರ ಕಣ್ಣಿಗೆ ಬಿತ್ತು. ಖಾನಾಪುರದಲ್ಲಿ ನಮ್ಮ ಅವ್ವನ ಬಚ್ಚಲ ನೀರು ಕುಡಿದು ಬೆಳೆದ ಬಾಳೆಗಿಡಗಳಿವೆ. ಬಾಣಂತನದ ಹೊತ್ತಿನಲ್ಲಿ ಅವುಗಳನ್ನು ಇವರು ನೋಡಿದ್ದರು. ಹೋಳಿಹುಣ್ಣಿಮೆ ಆದಮೇಲೆ ಒಂದು ರವಿವಾರ ಖಾನಾಪುರಕ್ಕೆ ಹೋಗಿ, ಅವ್ವನ ಕೈಯಿಂದಲೇ ಬಾಳೆಯ ಕಂದು ಕೀಳಿಸಿಕೊಂಡು ಕಾರಿನ ಡಿಕ್ಕಿಯಲ್ಲಿ ತಂದರು.

"ನೋಡು, ನಿಮ್ಮವ್ವ ಯಾವ ಭಾಷಣಾನೂ ಕೇಳಿಲ್ಲ. ನೀರು ಹಾಳು ಮಾಡೂದಿಲ್ಲ ಅಂದ್ರ ಹಿಂಗ."

ತವರುಮನೆ ಹೊಗಳಿದರೆ ಯಾವ ಹೆಣ್ಣಿಗೆ ಬೇಡ? ನಾನು ಉಬ್ಬಿದೆ. ಅವ್ವನಂತೂ ಊರಲ್ಲೆಲ್ಲ ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಅಳಿಯನ ಬುದ್ಧಿಯನ್ನು ಕೊಂಡಾಡಿ ಬಂದಳು.

ಸದಾಶಿವನಗರದ ನಮ್ಮ ಹಿತ್ತಲಲ್ಲಿ ಮಣ್ಣು ಉಳಿದದ್ದು ಒಂದೇ ಕಡೆ, ಒಗೆಯುವ ಕಲ್ಲಿಗೂ ಬಾವಿಯ ಕಟ್ಟೆಗೂ ನಡುವೆ. ಉಳಿದಲ್ಲೆಲ್ಲ ಫರಸಿ ಕಲ್ಲು ಹಾಕಿದೆ. ಇವರು ಅಲ್ಲೇ ಕುಣಿ ತೋಡಿ ಕಂದು ನೆಟ್ಟರು. ಒಗೆಯುವ ಕಲ್ಲಿನ ನೀರನ್ನು ಪೈಪಿನಲ್ಲಿ ಅದರ ಬುಡಕ್ಕೆ ತಿರುಗಿಸಿದರು. ಜಂಬಿಟ್ಟಿಗೆಯ ನೆಲ, ಎಷ್ಟು ಸುರಿದರೂ ಕುಡಿದುಬಿಡುತ್ತಿತ್ತು. ಒಂದು ಹನಿಯೂ ಗಟಾರಕ್ಕೆ ಹೋಗುತ್ತಿಲ್ಲವೆಂದು ಇವರಿಗೆ ಸಂತೋಷ. ಮಳೆಗಾಲ ಹತ್ತುವ ಹೊತ್ತಿಗೆ ಬಾಳೆ ಬಾವಿಕಟ್ಟೆಗಿಂತ ಎತ್ತರ ಬೆಳೆದು, ಹಬ್ಬದೂಟಕ್ಕೆ ಎಲೆ ಕೊಯ್ಯುವಂತಾಯಿತು.

ಆ ಬಾವಿಯ ವಿಷಯ ಹೇಳಬೇಕು. ಮಾವನವರು ಮನೆ ಕಟ್ಟುವ ಮುಂಚೆ ತೋಡಿಸಿದ್ದು. ನಳದ ನೀರು ಬಂದಮೇಲೆ, ಅಡಿಗೆಮನೆಗೆ ಫಿಲ್ಟರ್ ಬಂದಮೇಲೆ, ಬಾವಿಯ ನೀರು ಬಳಕೆಗೆ ಮಾತ್ರ. ಕುಡಿಯಲು ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಅತ್ತೆಯ ಲಿಂಗಪೂಜೆಗೆ ಆ ಬಾವಿಯ ನೀರೇ ಆಗಬೇಕು. ಪೂಜೆಯ ನೀರಿಗೆ ಅವರು ಅಗ್ಘವಣಿ ಎನ್ನುತ್ತಾರೆ. ಅದು ಮೋಟರಿನಿಂದ ಏರಿಸಿದ್ದಾಗಬಾರದು, ರಾತ್ರಿ ತುಂಬಿಟ್ಟದ್ದೂ ಆಗಬಾರದು. ಬೆಳಿಗ್ಗೆ ಜಳಕ ಮಾಡಿ, ಯಾರ ಜೊತೆಯೂ ಮಾತಾಡದೆ, ಹಗ್ಗ ಇಳಿಬಿಟ್ಟು ಸೇದಿ ತಂದದ್ದಾಗಬೇಕು. ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಆ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕೊನೆಗೆ ಲಿಂಗದ ಮೇಲಿಂದ ಇಳಿದ ನೀರನ್ನು ಪಾದೋದಕವೆಂದು ಅಂಗೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಅದಾದ ಮೇಲೆಯೇ ಚಹಾ, ಅದಾದ ಮೇಲೆಯೇ ತುತ್ತು. ನಮ್ಮವರ ಲಿಂಗ ಗೂಟಕ್ಕೆ ನೇತುಬಿದ್ದು ಎಷ್ಟೋ ವರ್ಷ. ನಾನು ಹಣೆಗೆ ವಿಭೂತಿ ಸವರಿಕೊಂಡು ಬಸ್ಸಿಗೆ ಓಡುವವಳು. ಹೀಗಾಗಿ ಮನೆಯಲ್ಲಿ ಪಾದೋದಕ ತೆಗೆದುಕೊಳ್ಳುವವರು ಅವರೊಬ್ಬರೇ.

ಆಷಾಢದಲ್ಲಿ ಬೆಳಗಾವಿಗೆ ಬಿಸಿಲು ಮುಖ ತೋರಿಸುವುದಿಲ್ಲ. ಲಂಗೋಟಿಗಳು ಕುರ್ಚಿಯ ಮೇಲೆ, ಕಿಟಕಿಯ ಸರಳಿಗೆ, ಟಿ.ವಿ.ಯ ಹಿಂದೆ, ಎಲ್ಲೆಂದರಲ್ಲಿ ಒದ್ದೆಯಾಗಿ ಜೋಲುತ್ತಿದ್ದವು. ಮನೆಯೆಲ್ಲ ಒಂಥರಾ ಮುಗ್ಗು ವಾಸನೆ. ಒಣಗದ ಬಟ್ಟೆ ಇಸ್ತ್ರಿ ಮಾಡಿ ಕಟ್ಟು ಎಂದು ಇವರು ಹೇಳಿದಾಗ, ಇಸ್ತ್ರಿಗೆ ಕರೆಂಟು ಹಾಳಾಗುವುದಿಲ್ಲವೇ ಎಂದು ನಾನು ಕೇಳಿ, ಇಬ್ಬರೂ ಎರಡು ದಿನ ಮಾತು ಬಿಟ್ಟೆವು. ಆ ಮಳೆಯಲ್ಲಿ ಬಾವಿಯ ನೀರು ಮೇಲೇರಿ, ಹಗ್ಗ ಬೇಕಿಲ್ಲ ಬಗ್ಗಿದರೆ ಸಾಕು ಅನ್ನುವಂತಾಗಿತ್ತು. ಅತ್ತೆಗೆ ಅದೊಂದು ಸುಖ. ಸೇದುವ ಶ್ರಮ ಉಳಿಯಿತಲ್ಲ.

ಅವರ ಹೊಟ್ಟೆ ಕೆಟ್ಟದ್ದು ಆಗಲೇ. ಮೊದಲು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. "ಮಳಿಗಾಲದ ಹೊಟ್ಟಿ, ಹಿಂಗs ಬಿಡು" ಎಂದು ಅವರೇ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಂಡರು. ಕಡಿಮೆಯಾಯಿತು, ಮತ್ತೆ ಬಂತು. ಗುಳಿಗೆ ತಂದೆವು, ನಿಂತಿತು, ಮತ್ತೆ ಬಂತು. ಕುಪ್ಪಸದ ತೋಳು ಸಡಿಲವಾಯಿತು. ಮಗುವನ್ನು ಎತ್ತುವಾಗ ಗೋಡೆಗೆ ಕೈ ಊರಿ ನಿಲ್ಲುತ್ತಿದ್ದರು. ಊಟ ಬಿಟ್ಟರೂ ಪೂಜೆ ಬಿಡಲಿಲ್ಲ. "ಏನೂ ದಕ್ಕವಲ್ತವ್ವಾ, ಪಾದೋದಕ ಒಂದs ಹೊಟ್ಟಿಗೆ ತಂಪು" ಎಂದು ಮೊದಲಿಗಿಂತ ಹೆಚ್ಚೇ ಕುಡಿಯುತ್ತಿದ್ದರು.

ಶ್ರಾವಣ ಹತ್ತಿದ ವಾರ ನಾನು ಸಾಲಿಯಿಂದ ಬಂದಾಗ ಮಗು ಜೋಳಿಗೆಯಲ್ಲಿ ಕಿರುಚುತ್ತಿತ್ತು. ಅತ್ತೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಕಣ್ಣು ತೆರೆದಿದ್ದವು, ಮಾತು ಬರುತ್ತಿರಲಿಲ್ಲ. ನಾಲಿಗೆ ಒಣಗಿ ಮರದ ಚಕ್ಕೆಯಂತಾಗಿತ್ತು. ಆಸ್ಪತ್ರೆಯಲ್ಲಿ ಸಲೈನ್ ಏರಿಸಿದರು. ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, ಮೈಯ ನೀರೆಲ್ಲ ಹೋಗಿ ಕಿಡ್ನಿಗೆ ಪೆಟ್ಟು ಬಿದ್ದಿದೆ, ಇದು ಇನ್ನೊಮ್ಮೆ ಆದರೆ ಈ ವಯಸ್ಸಿಗೆ ಕೈಗೆ ಸಿಗುವುದು ಕಷ್ಟ ಎಂದರು.

"ಮನ್ಯಾಗ ಕುಡಿಯಾಕ ಯಾವ ನೀರು?"

"ಫಿಲ್ಟರ್ ನೀರು ಸರ್. ಎಲ್ಲಾರೂ ಅದನ್ನs ಕುಡೀತೀವಿ" ಎಂದರು ಇವರು, ಎದೆ ಸೆಟೆಸಿ. ನಾನೂ ಹೌದೆಂದು ತಲೆಯಾಡಿಸಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ನಮಗೆ ಹಾಗೇ ಅನ್ನಿಸಿತ್ತು.

ನೀರಲ್ಲವೆಂದ ಮೇಲೆ ಮತ್ತೇನು? ನಾನು ಕಸದ ಮಡಕೆಯ ಮೇಲೆ ಅನುಮಾನಪಟ್ಟೆ. ಅದರ ನೊಣಗಳೇ ಅಡಿಗೆಮನೆಗೆ ಬರುತ್ತವೆಂದು, ಅರ್ಧ ಕೊಳೆತ ಗೊಬ್ಬರದ ಸಮೇತ ಅದನ್ನು ಹೊರಗೆ ಒಗೆದು ಒಡೆದೆ. ಇವರು ಹಾಲಿನವನ ಮೇಲೆ ಹರಿಹಾಯ್ದರು. ಮಗುವನ್ನು ಖಾನಾಪುರದಲ್ಲಿ ಅವ್ವನ ಕೈಗೆ ಒಪ್ಪಿಸಿ ಬಂದೆವು. ಮನೆಯಲ್ಲಿ ಸೋಪು ಹಾಕಿ ತಿಕ್ಕದ ಪಾತ್ರೆ ಉಳಿಯಲಿಲ್ಲ. ಅಳುವುದಕ್ಕೆ ಪುರಸೊತ್ತಿಲ್ಲದೆ ತಿಕ್ಕುತ್ತಲೇ ಇದ್ದೆ.

ಎರಡು ದಿನಕ್ಕೆ ಅತ್ತೆಗೆ ಎಚ್ಚರ ತಿಳಿಯಾಯಿತು. ಗಂಜಿ ಕೊಡಿ ಎಂದರು ಡಾಕ್ಟರು. ಅತ್ತೆ ಬಾಯಿ ಬಿಗಿಹಿಡಿದರು.

"ಪೂಜಿ ಇಲ್ದ ಎರಡು ದಿನ ಆತು. ಇನ್ನ ಹೆಂಗ ತಿನ್ನಲಿ? ಮನಿಗೆ ಹೋಗಿ ಅಗ್ಘವಣಿ ತಗೊಂಡು ಬಾ. ಜಳಕಾ ಮಾಡಿ ಜಗ್ಗು, ಹಂಗs ತರಬ್ಯಾಡ."

ಅವರು ತಿನ್ನಲು ಒಪ್ಪಿದ್ದೇ ದೊಡ್ಡದು ಎಂದು ನಾನು ಮನೆಗೆ ಓಡಿದೆ. ಜಳಕ ಮಾಡಿ, ಬಾಳೆಲೆಗಳನ್ನು ಸರಿಸಿ, ಬಾವಿಗೆ ಬಗ್ಗಿ ನೀರು ತುಂಬಿದೆ. ಸ್ಟೀಲಿನ ಡಬ್ಬಿಯೇ, ಪ್ಲಾಸ್ಟಿಕ್ ಅಲ್ಲ. ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ. ಆಟೋದಲ್ಲಿ ಕೋಟೆಯ ಬಾಜು ಹೋಗುವಾಗ ರಸ್ತೆಯ ಕುಣಿಗೆ ಒಂದು ಹನಿಯೂ ತುಳುಕದಂತೆ ಡಬ್ಬಿಯನ್ನು ಎದೆಗವಚಿಕೊಂಡಿದ್ದೆ. ದೇವರ ಮೇಲೆ ನನಗೇನು ಅಷ್ಟು ಭಕ್ತಿ ಇಲ್ಲ. ಅವತ್ತು ಮಾತ್ರ ಇದೇ ಅವರನ್ನು ಉಳಿಸುವ ನೀರು ಅನ್ನಿಸಿಬಿಟ್ಟಿತ್ತು.

ಹಾಸಿಗೆಯ ಮೇಲೆ ದಿಂಬಿಗೊರಗಿಸಿ ಕೂರಿಸಿದೆ. ಸಲೈನಿನ ಸೂಜಿ ಬಲಗೈಗಿತ್ತು. ಕೊರಳ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು, ನಾನು ಕೆಳಗೆ ಬಟ್ಟಲು ಹಿಡಿದು ನೀರೆರೆದೆ. ತುಟಿ ಅಲುಗಿಸುತ್ತ ಪೂಜೆ ಮಾಡಿದರು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಗೆಲುವು ಕಂಡಿತು. ಬಟ್ಟಲಿನ ನೀರನ್ನು ಅವರ ಅಂಗೈಗೆ ಬಗ್ಗಿಸಿದೆ. ಅಷ್ಟರಲ್ಲಿ ನರ್ಸ್ ಒಳಗೆ ಬಂದಳು.

"ಅಕ್ಕಾರ, ಹೊರಗಿನ ನೀರು ಕುಡಿಸಬ್ಯಾಡ್ರಿ ಅಂತ ಹೇಳಿದ್ವೆಲ್ರೀ?"

"ಇದು ಕುಡಿಯೋ ನೀರಲ್ಲವ್ವಾ, ಅಗ್ಘವಣಿ" ಎಂದೆ.

ಹೇಳಿದ್ದು ನಾನೇ. ಕೇಳಿಸಿದ್ದೂ ನನಗೇ ಮೊದಲು. ಕುಡಿಯುವ ನೀರಲ್ಲ. ಹಾಗಾದರೆ ಅತ್ತೆ ಈಗ ಮಾಡುತ್ತಿರುವುದು ಏನು? ಇಷ್ಟು ದಿನ, ಮಳೆ ಹತ್ತಿದಾಗಿನಿಂದ, ದಿನಾ ಬೆಳಿಗ್ಗೆ ಮಾಡಿದ್ದು ಏನು? ಲಂಗೋಟಿ ಒಗೆಯುವ ಕಲ್ಲು, ಪೈಪು, ಬಾಳೆಯ ಬುಡ, ನೀರು ಕುಡಿಯುವ ಮಣ್ಣು, ಬಾವಿಯ ಕಟ್ಟೆ, ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಅತ್ತೆಯ ಅಂಗೈ ತುಟಿಯ ಹತ್ತಿರ ಹೋಗಿತ್ತು. ನಾನು ಮಣಿಕಟ್ಟು ಹಿಡಿದು ಜಗ್ಗಿದೆ. ಪಾದೋದಕ ಹಾಸಿಗೆಯ ಮೇಲೆ ಚೆಲ್ಲಿತು.

ಪಾದೋದಕ ನೆಲಕ್ಕೆ ಬೀಳಬಾರದೆಂದು ಜೀವಮಾನವೆಲ್ಲ ಅಂಗೈಯನ್ನು ತಲೆಗೆ ಒರೆಸಿಕೊಂಡವರು ಅವರು. ನನ್ನನ್ನು ನೋಡಿದರು. ಬೈಯಲಿಲ್ಲ. "ಯಾಕವ್ವಾ?" ಎಂದರು, ಅಷ್ಟೇ. ನಾನು ಒದ್ದೆಯಾದ ಹಾಸಿಗೆಯನ್ನು ಸೆರಗಿನಿಂದ ಒತ್ತುತ್ತ ನಿಂತೆ.

ನನ್ನ ಅನುಮಾನ ಕೇಳಿ ಇವರು ಬಾವಿಯ ನೀರು ಪರೀಕ್ಷೆಗೆ ಕೊಟ್ಟು ಬಂದರು. ಕುಡಿಯಲು ಮಾತ್ರವಲ್ಲ, ಮುಖ ತೊಳೆಯಲೂ ಬೇಡ ಎಂದರಂತೆ. ನೀರಿನಲ್ಲಿ ಮಲದ ರೋಗಾಣುಗಳಿವೆಯಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಇವರು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದರು.

"ಅವ್ವಗ ಹೇಳಬ್ಯಾಡ. ಮಳಿ ನೀರು ಬಾವ್ಯಾಗ ಹೊಕ್ಕೈತಿ ಅಂತ ಹೇಳೂಣು. ಡಾಕ್ಟರ್ ಕುದಿಸಿದ ನೀರs ಕುಡಿ ಅಂದಾರ ಅನ್ನೂಣು."

ಅಲ್ಲಿಯವರೆಗೆ ನನಗೆ ಇವರ ಮೇಲೆ ಮರುಕವಿತ್ತು. ಆ ಮಾತಿಗೆ ಅದು ಹಾರಿಹೋಯಿತು.

"ಮಚ್ಛ್ಯಾಗ ಸುಮ್ಮನಿರೂದು ನಿಮಗ ರೂಢಿ ಆಗೇತಿ. ಇಲ್ಲೂ ಸುಮ್ಮನಿರತೀರೇನು? ಅವರ ಹೊಟ್ಟಿಗೆ ಹೋಗಿದ್ದು ಏನಂತ ಅವರಿಗೆ ಗೊತ್ತಾಗಬ್ಯಾಡೇನು?"

ಸುತ್ತ ಜನ ತಿರುಗಿ ನೋಡಿದರು. ನಾನು ದನಿ ತಗ್ಗಿಸಲಿಲ್ಲ. ಇವರು ಎದ್ದು ಒಳಗೆ ಹೋಗಿ, ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು, ತಪ್ಪು ಮಾಡಿ ಮಾಸ್ತರರ ಮುಂದೆ ನಿಂತ ಹುಡುಗನ ಹಾಗೆ ಎಲ್ಲ ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡರು.

"ಕೂಸಿಂದೇನ ಹೊಲಸೋ" ಎಂದರು. "ನಿಂದೂ ನಾ ಒಗದೀನಿ." ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಲಿಂಗಕ್ಕ ಎರದ್ನೆಲ್ಲೋ ಅದನ್ನ" ಎಂದರು. ಅವರ ಸಂಕಟ ಹೊಟ್ಟೆಯದಲ್ಲ ಎಂದು ನಮಗೆ ಆಗ ತಿಳಿಯಿತು.

ಅವರನ್ನು ಮನೆಗೆ ಕರೆತರುವ ಮುಂಚೆ ಮಗುವನ್ನು ತರಲು ಖಾನಾಪುರಕ್ಕೆ ಹೋದೆ. ಅವ್ವ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ನಿಂತೆ. ನಮ್ಮ ತವರುಮನೆ ಇಳಿಜಾರಿನಲ್ಲಿದೆ. ಬಾವಿ ಮೇಲ್ಗಡೆ, ಮನೆಯ ಅಂಗಳದಲ್ಲಿ. ಬಚ್ಚಲು ಕೆಳಗೆ, ಬಾಳೆ ಅದಕ್ಕಿಂತ ಕೆಳಗೆ, ಅದರಾಚೆ ಮಲಪ್ರಭೆಯ ಕಡೆ ಇಳಿಯುವ ಗದ್ದೆ. ಹುಟ್ಟಿ ಬೆಳೆದ ಮನೆ. ಈ ಇಳಿಜಾರಿನಲ್ಲಿ ಕೊಡ ಹೊತ್ತು ಏರಿಳಿದು ನನ್ನ ಮೊಣಕಾಲಿಗೆ ಅದು ಗೊತ್ತಿತ್ತು, ತಲೆಗೆ ಹೊಳೆದಿರಲಿಲ್ಲ. ಇವರು ಇಲ್ಲಿಂದ ಬಾಳೆ ಒಯ್ದರು, ಇಳಿಜಾರನ್ನು ಒಯ್ಯಲಾಗಲಿಲ್ಲ. ಕಂದುಗಳ ಬುಡದಲ್ಲಿ ಹೊಸ ಕಂದುಗಳು ಎದ್ದಿದ್ದವು. "ಇನ್ನೆರಡು ಒಯ್ತೀಯೇನವ್ವಾ?" ಎಂದು ಅವ್ವ ಒಳಗಿಂದ ಕೂಗಿದಳು. ಬೇಡವೆಂದೆ. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡೆ.

ನಮ್ಮ ಹಿತ್ತಲ ಬಾಳೆಯನ್ನು ಇವರೇ ಕಡಿದರು. ಬಾವಿಯ ನೀರೆಲ್ಲ ಹೊರಹಾಕಿಸಿ, ಕೆಸರು ತೆಗೆಸಿ, ಔಷಧಿ ಹಾಕಿಸಿದರು. ಲಂಗೋಟಿ ಬಿಡಲಿಲ್ಲ. ಡೈಪರಿಗೆ ಹೋಗೋಣವೆಂದು ಇವರೇ ಒಮ್ಮೆ ಸಣ್ಣ ದನಿಯಲ್ಲಿ ಅಂದಾಗ ನಾನೇ ಬೇಡವೆಂದೆ, ಯಾಕೆಂದರೆ ಡೈಪರ್ ಹೋಗಿ ಬೀಳುವ ಕಸದ ಗುಡ್ಡದ ಪಕ್ಕವೂ ಯಾರದೋ ಬಾವಿ ಇದ್ದೇ ಇರುತ್ತದೆ. ಈಗ ಒಗೆದ ನೀರು ಚರಂಡಿಗೆ ಹೋಗುತ್ತದೆ, ಬಟ್ಟೆ ಒಗೆಯುವುದು ಇವರು. ಚರಂಡಿ ಎಲ್ಲಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿಲ್ಲ. ಮಚ್ಛೆಯ ಗಟಾರದ ಬಗ್ಗೆ ಇವರು ಮಾಲೀಕರ ಮುಂದೆ ಬಾಯಿ ಬಿಟ್ಟರೋ ಇಲ್ಲವೋ, ನಾನು ಕೇಳಿಲ್ಲ. ಕೇಳಲು ಹೆದರಿಕೆ.

ಅತ್ತೆ ಉಳಿದರು. ಮೈಗೆ ಮೊದಲಿನ ಕಸುವು ಬರಲಿಲ್ಲ, ಮಗುವನ್ನು ಎತ್ತಲಾರರು, ಕೂತಲ್ಲೇ ಆಡಿಸುತ್ತಾರೆ. ಪೂಜೆ ಬಿಟ್ಟಾರು ಎಂದು ನಾನು ಹೆದರಿದ್ದೆ, ಬಿಡಲಿಲ್ಲ. ನಾನು ಬೆಳಿಗ್ಗೆ ಜಳಕ ಮಾಡಿ, ನೀರು ಕುದಿಸಿ, ಆರಿಸಿ, ತಂಬಿಗೆಯಲ್ಲಿ ತಂದಿಡುತ್ತೇನೆ. ಕಣ್ಣು ಮುಚ್ಚಿ, ಮೊದಲಿನ ಹಾಗೇ ಲಿಂಗಕ್ಕೆ ಎರೆಯುತ್ತಾರೆ. ವಿಭೂತಿ, ಪತ್ರಿ ಎಲ್ಲ ಮೊದಲಿನ ಹಾಗೇ. ಪಾದೋದಕವನ್ನು ಅಂಗೈಗೆ ಬಗ್ಗಿಸಿಕೊಳ್ಳುತ್ತಾರೆ. ಪೂಜೆಯ ನಡುವೆ ಮನೆಗೆ ಬೆಂಕಿ ಬಿದ್ದರೂ ಮಾತಾಡದವರು ಅವರು. ಈಗ ದಿನಾ ಕೈ ತುಟಿಗೆ ಮುಟ್ಟುವ ಮೊದಲು ನಿಲ್ಲುತ್ತಾರೆ, ಕಣ್ಣು ತೆರೆದು ನನ್ನನ್ನು ಹುಡುಕುತ್ತಾರೆ.

"ಕುದಿಸೀಯಲ್ಲವ್ವಾ?"

"ಕುದಿಸೀನ್ರಿ ಅತ್ಯಾ."

ಆಮೇಲೆ ಕುಡಿಯುತ್ತಾರೆ.